ಯೂಟಾ ಮರುಭೂಮಿಯ ಕೆಂಪು ಹೂವು: ಇದು ಯಾವ ಗಿಡ, ಯಾರಿಗಾದರೂ ಗೊತ್ತಾ?

ಫೀನಿಕ್ಸ್ ಪ್ರಸಾದ
ಒಂದು ಹೂವಿನ ಹೆಸರು ಬೇಕಿತ್ತು. ಯೂಟಾದ ಆರ್ಚಸ್ ನ್ಯಾಷನಲ್ ಪಾರ್ಕ್‌ನಲ್ಲಿ, ಪಾರ್ಕ್ ಅವೆನ್ಯೂ ಅನ್ನೋ ಕಾಲುದಾರಿಯ ಪಕ್ಕ, ಏಪ್ರಿಲ್ ಎರಡನೇ ವಾರ ಕಂಡಿದ್ದು. ಸುತ್ತ ಕೆಂಪು ಮರಳು, ಬೂದು ಬಣ್ಣದ ಕುರುಚಲು ಗಿಡ. ಅದರ ನಡುವೆ ಇದೊಂದೇ ಕಣ್ಣಿಗೆ ಹೊಡೆಯುವ ಕೆಂಪು.

ಎತ್ತರ ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಒಂದೇ ಬುಡದಿಂದ ಏಳೆಂಟು ಕಡ್ಡಿ ನೆಟ್ಟಗೆ ಎದ್ದಿವೆ. ತುದಿಯಲ್ಲಿ ಕುಂಕುಮಕ್ಕೆ ಸ್ವಲ್ಪ ಕಿತ್ತಳೆ ಸೇರಿದ ಬಣ್ಣ. ಹತ್ತಿರ ಹೋಗಿ ನೋಡಿದರೆ ದಳದ ತರ ಇಲ್ಲ, ಎಲೆಗೇ ಬಣ್ಣ ಬಂದ ಹಾಗಿದೆ. ಕಾಂಡ, ಎಲೆ ಎಲ್ಲದರ ಮೇಲೂ ಸಣ್ಣ ರೋಮ. ವಾಸನೆ ಇಲ್ಲ. ಅಮ್ಮ ನೋಡಿದ ಕೂಡಲೇ "ಇದು ಕನಕಾಂಬರದ ಜಾತಿ ಕಣೋ" ಅಂದರು. ಅಪ್ಪ ಅಲ್ಲ ಅಂದರು, ಮತ್ತೆ ಏನು ಅಂತ ಹೇಳಲಿಲ್ಲ. ಫೋನಿನ ಆಪ್ ಒಂದು ಫೋಟೋಗೆ ಒಂದು ಹೆಸರು, ಇನ್ನೊಂದಕ್ಕೆ ಇನ್ನೊಂದು ಹೆಸರು ಕೊಡುತ್ತಿದೆ. ಫೋಟೋಗಳನ್ನು ಹಾಕಿದ್ದೇನೆ. ಗೊತ್ತಿದ್ದವರು ಹೇಳಿ.

ಹಾಸನದ ಹುಡುಗಿ
ಪಾಯಿನ್ಸೆಟಿಯಾ ಅಲ್ವಾ? ಕ್ರಿಸ್‌ಮಸ್ ಬಂದರೆ ಎಲ್ಲ ಅಂಗಡಿ ಮುಂದೆ ಇಟ್ಟಿರ್ತಾರಲ್ಲ, ಕೆಂಪೆಲೆದು.

ಕಾಡುಪಾಪ
ಪಾಯಿನ್ಸೆಟಿಯಾ ಅಲ್ಲವೇ ಅಲ್ಲ. ಅದು ಮೆಕ್ಸಿಕೊ ಮೂಲದ್ದು, ನೆಲದಲ್ಲಿ ಬಿಟ್ಟರೆ ಆಳೆತ್ತರ ದಾಟುತ್ತೆ, ಹಿಮ ತಡೆಯಲ್ಲ. ಆರ್ಚಸ್ ಕಡೆ ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಅಲ್ಲದೆ ಅದರ ಎಲೆ ಮುರಿದರೆ ಹಾಲು ಬರುತ್ತೆ. ಎಲೆ ಕೆಂಪಾಗಿದ್ದ ಮಾತ್ರಕ್ಕೆ ಎಲ್ಲ ಒಂದೇನಾ?

ಹಾಸನದ ಹುಡುಗಿ
ಸರಿ ಸರಿ, ಕೇಳಿದ್ದಷ್ಟೇ. ಬೈಬೇಡಿ 😄

ಸ್ಯಾನ್ ಡಿಯೇಗೊ ಸವಿತಾ
ನಮ್ಮ ಕಡೆ ಅಂಜಾ-ಬೊರೆಗೊ ಮರುಭೂಮಿಯಲ್ಲಿ ಮಾರ್ಚ್‌ನಲ್ಲಿ ಚುಪರೋಸಾ ಅಂತ ಒಂದು ಕೆಂಪು ಹೂವು ಬಿಡುತ್ತೆ. ಹಮ್ಮಿಂಗ್ ಬರ್ಡ್‌ಗಳು ಮುತ್ತಿಕೊಂಡಿರುತ್ತವೆ. ಅದು ಕನಕಾಂಬರದ ಕುಟುಂಬಕ್ಕೇ ಸೇರಿದ್ದು. ಹಾಗಾಗಿ ನಿಮ್ಮ ಅಮ್ಮ ಹೇಳಿದ್ದು ಸರಿ ಇರಬಹುದು ಪ್ರಸಾದ್. ಹೊಲಕ್ಕೆ ಹೋಗಿ ಬೆಳೆದವರ ಕಣ್ಣು ಸುಮ್ನೆ ಅಲ್ಲ.

ಬಯಲು ಬಾಟನಿ
ಫೋಟೋ ದೊಡ್ಡದು ಮಾಡಿ ನೋಡಿದೆ. ಇದು ಪೇಂಟ್‌ಬ್ರಶ್. ಸಸ್ಯಶಾಸ್ತ್ರದ ಹೆಸರು ಕ್ಯಾಸ್ಟಿಲೇಯಾ. ಅದರಲ್ಲಿ ಯಾವ ಪ್ರಭೇದ ಅನ್ನೋದು ಆಮೇಲಿನ ಜಗಳ, ಸುಮಾರು 200 ಪ್ರಭೇದಗಳಿವೆ. ಕುಲಕ್ಕಂತೂ ಅನುಮಾನ ಬೇಡ.

ಚುಪರೋಸಾ ಯಾಕಲ್ಲ? ಅದು ಪೊದೆ, ಸೊಂಟದ ಎತ್ತರಕ್ಕೂ ಬರುತ್ತೆ. ಬಿಸಿ ಜಾಸ್ತಿ ಇರುವ ಸೊನೊರಾ ಮರುಭೂಮಿಯದ್ದು. ಆರ್ಚಸ್ ಇರುವುದು 1,200 ಮೀಟರ್ ಮೇಲೆ, ಅಲ್ಲಿಯ ಚಳಿಗೆ ಅದು ಬದುಕಲ್ಲ. ಮುಖ್ಯವಾಗಿ ಚುಪರೋಸಾದಲ್ಲಿ ಕೆಂಪಾಗಿರುವುದು ನಿಜವಾದ ದಳ, ಕೊಳವೆಯಂತಿರುತ್ತೆ. ಕನಕಾಂಬರದಲ್ಲೂ ಹಾಗೇ. ತೆನೆಯ ಹಾಗೆ ಜೋಡಿಸಿರುವ ಹಸಿರು ಎಲೆಗಳು ಬ್ರ್ಯಾಕ್ಟ್, ಅದರ ಸಂದಿಯಿಂದ ಹೊರಗೆ ಬರುವ ಬಣ್ಣದ ಭಾಗ ದಳ. ಪೇಂಟ್‌ಬ್ರಶ್‌ನಲ್ಲಿ ಇದು ಪೂರ್ತಿ ಉಲ್ಟಾ. ಬಣ್ಣ ಇರುವುದು ಬ್ರ್ಯಾಕ್ಟ್‌ಗೆ, ಅಂದರೆ ಒಂದೊಂದು ಹೂವಿನ ಬುಡದಲ್ಲಿರುವ ಎಲೆಗೆ. ಜೊತೆಗೆ ಪುಷ್ಪಪಾತ್ರೆಯ, ಅಂದರೆ ದಳಗಳನ್ನು ಹೊರಗಿನಿಂದ ಸುತ್ತಿರುವ ಬಟ್ಟಲಿನ, ತುದಿಗೂ ಅದೇ ಬಣ್ಣ. ನಿಜವಾದ ಹೂವು ಒಳಗೆ ಕೂತಿರುತ್ತೆ: ಸಣ್ಣ ಕೊಳವೆ, ಹಸಿರು ಮಿಶ್ರಿತ ಹಳದಿ, ತುದಿ ಕೊಕ್ಕಿನ ಹಾಗೆ.

ಪ್ರಸಾದ್, ನಿಮ್ಮ ಮೂರನೇ ಫೋಟೋದಲ್ಲಿ ಎಡಗಡೆ ಕಡ್ಡಿಯ ಮಧ್ಯ ನೋಡಿ. ಕೆಂಪಿನ ನಡುವೆ ಹಸಿರು ಕಡ್ಡಿ ತರದ್ದೊಂದು ಚೂರು ಚಾಚಿದೆ. ಅದೇ ಹೂವು. ನೀವು ಫೋಟೋ ತೆಗೆದಿದ್ದೆಲ್ಲ ಅದರ ಅಲಂಕಾರವನ್ನು.

ಫೀನಿಕ್ಸ್ ಪ್ರಸಾದ
ಅಯ್ಯೋ ಹೌದು! ಅದನ್ನು ನಾನು ಒಣಗಿದ ಎಲೆ ಅಂದುಕೊಂಡಿದ್ದೆ. ತುಂಬಾ ಥ್ಯಾಂಕ್ಸ್ ಮೇಡಂ.

ಉಡುಪಿ ಮಾಮಿ
ಇದಕ್ಕೆ ಅಷ್ಟು ದೂರ ಯಾಕೆ, ಬಾಳೆ ಪೂಂಬೆ ನೋಡಿದವರಿಗೆ ಇದೆಲ್ಲ ಗೊತ್ತಿರುತ್ತೆ ಮಾರಾಯ್ರೆ. ಆ ನೇರಳೆ ಸಿಪ್ಪೆ ಒಂದೊಂದೇ ಎತ್ತಿದರೆ ಅಡಿಯಲ್ಲಿ ಸಾಲಾಗಿ ಹೂವು ಇರುತ್ತೆ. ಸಿಪ್ಪೆಯೇ ನಿಮ್ಮ ಬ್ರ್ಯಾಕ್ಟು.

ಧಾರವಾಡ ಪೇಡಾ
ಮಾಮಿ, ಪೂಂಬೆ ಪಲ್ಯ ಮಾಡೋದು ಹೇಗೆ ಅಂತ ಹೇಳಿ ಬಿಡ್ರಿ. ನಾನು ಮಾಡಿದಾಗಲೆಲ್ಲ ಕಪ್ಪಗಾಗಿ ಕಹಿ ಬರ್ತದ.

ಉಡುಪಿ ಮಾಮಿ
ಪ್ರತಿ ಹೂವಿನ ಒಳಗೆ ತುದಿ ದಪ್ಪ ಇರುವ ಒಂದು ಗಟ್ಟಿ ಕಡ್ಡಿ ಇರುತ್ತೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹಾಗಿರುವ ಒಂದು ಸಣ್ಣ ಎಸಳು. ಎರಡನ್ನೂ ಕಿತ್ತು ಹಾಕಬೇಕು, ಅದು ಬೇಯುವುದಿಲ್ಲ. ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕಿ. ಕೈಗೆ ಎಣ್ಣೆ ಹಚ್ಚಿಕೊಳ್ಳಿ. ಕಹಿ ಹೋಗದಿದ್ದರೆ ಒಮ್ಮೆ ಬೇಯಿಸಿದ ನೀರು ಬಸಿದುಬಿಡಿ.

ಕಾಡುಪಾಪ
ಹೂವಿನ ಹೆಸರು ಕೇಳಿದ ಮನುಷ್ಯನಿಗೆ ಪಲ್ಯ ಬಡಿಸಿ ಕಳಿಸ್ತಿದ್ದೀರಾ 😂

ಡೆನ್ವರ್ ದೊಡ್ಡಪ್ಪ
ಪೇಂಟ್‌ಬ್ರಶ್ ಅನ್ನೋದು ನಿಜ. ನನ್ನ ಪ್ರಕಾರ ಇದು ಕ್ಯಾಸ್ಟಿಲೇಯಾ ಲಿನಾರೀಫೋಲಿಯಾ. ವ್ಯೋಮಿಂಗ್ ರಾಜ್ಯದ ಹೂವು, 1917ರಿಂದ. ಕೊಲೊರಾಡೊ, ಯೂಟಾ ಎಲ್ಲ ಕಡೆ ಸೇಜ್‌ಬ್ರಶ್ ಅನ್ನೋ ಬೂದು ಪೊದೆಗಳ ಮಧ್ಯೆ ನಾನು ನೋಡಿದ್ದು ಇದನ್ನೇ. ಕೆಂಪು, ಸೇಜ್‌ಬ್ರಶ್, ಮರುಭೂಮಿ, ಎಲ್ಲ ಹೊಂದುತ್ತೆ.

ಬಯಲು ಬಾಟನಿ
ದೊಡ್ಡಪ್ಪ, ಹೊಂದಲ್ಲ. ಮೊದಲನೆಯದು ಕಾಲ. ಲಿನಾರೀಫೋಲಿಯಾ ಸಾಮಾನ್ಯವಾಗಿ ಜೂನ್ ನಂತರ ಶುರುವಾಗಿ ಸೆಪ್ಟೆಂಬರ್ ತನಕ ಇರುತ್ತೆ. ಪ್ರಸಾದ್ ನೋಡಿದ್ದು ಏಪ್ರಿಲ್‌ನಲ್ಲಿ. ಎರಡನೆಯದು ಎತ್ತರ. ಅದು ಉದ್ದುದ್ದ, ಸಪೂರ, ಕೆಲವು ಕಡೆ ಸೊಂಟದ ತನಕ ಬರುತ್ತೆ. ಇದು ಒಂದೂವರೆ ಗೇಣು.

ಮೂರನೆಯದೇ ನಿಜವಾದ ಗುರುತು: ಪುಷ್ಪಪಾತ್ರೆ ಹೇಗೆ ಸೀಳಿದೆ ಅಂತ ನೋಡಬೇಕು. ಲಿನಾರೀಫೋಲಿಯಾದಲ್ಲಿ ಮುಂದಿನ ಸೀಳು ಹಿಂದಿನದಕ್ಕಿಂತ ತುಂಬಾ ಆಳ. ಆ ಸೀಳಿನಿಂದ ಹಸಿರು ಕೊಕ್ಕು ಮುಂದಕ್ಕೆ ಬಾಗಿ ಧಾರಾಳವಾಗಿ ಹೊರಗೆ ಬಂದಿರುತ್ತೆ. ಈ ಫೋಟೋದಲ್ಲಿ ಮುಂದೆ ಹಿಂದೆ ಸೀಳು ಹೆಚ್ಚುಕಡಿಮೆ ಸಮ, ಸೀಳಿದ ಭಾಗಗಳ ತುದಿ ಮೊಂಡು. ಇದು ಕ್ಯಾಸ್ಟಿಲೇಯಾ ಕ್ರೊಮೋಸಾ, ಡೆಸರ್ಟ್ ಪೇಂಟ್‌ಬ್ರಶ್.

ಡೆನ್ವರ್ ದೊಡ್ಡಪ್ಪ
ಈ ವರ್ಷ ಬೇಗ ಬೆಚ್ಚಗಾಗಿತ್ತು. ಹೂವು ಬೇಗ ಬಿಟ್ಟಿರಬಹುದಲ್ಲ?

ಬಯಲು ಬಾಟನಿ
ವಾರ ಎರಡು ವಾರ ಹಿಂದೆ ಮುಂದೆ ಆಗುತ್ತೆ, ಒಪ್ತೀನಿ. ಎರಡು ತಿಂಗಳು ಆಗಲ್ಲ. ಬೆಚ್ಚಗಾದರೆ ಸೀಳಿನ ಆಳ ಬದಲಾಗಲ್ಲವಲ್ಲ.

ಮಂಡ್ಯದ ಮಗ
ಸೂಪರ್ 👏 ಇದಕ್ಕೆ ಮೇಡಂ ಅನ್ನೋದು.

ಸಾಲ್ಟ್ ಲೇಕ್ ಶಿವು
ನಾನು ಈ ಕಡೆಯವನೇ, ಸ್ವಲ್ಪ ತಲೆ ಹಾಕ್ತೀನಿ. ಕ್ರೊಮೋಸಾ ಅಂತ ಅಷ್ಟು ಬೇಗ ತೀರ್ಮಾನ ಬೇಡ. ಆರ್ಚಸ್‌ನಲ್ಲಿ ಅದೇ ಏಪ್ರಿಲ್‌ನಲ್ಲಿ ಅದೇ ಬಣ್ಣದಲ್ಲಿ ಇನ್ನೊಂದು ಬರುತ್ತೆ: ಕ್ಯಾಸ್ಟಿಲೇಯಾ ಸ್ಕೇಬ್ರಿಡಾ, ಸ್ಲಿಕ್‌ರಾಕ್ ಪೇಂಟ್‌ಬ್ರಶ್. ಯೂಟಾದ ಇನ್ನೊಂದು ನ್ಯಾಷನಲ್ ಪಾರ್ಕ್ ಜಯಾನ್ ಕಡೆ ಬಂಡೆ ಬಿರುಕಿನಿಂದ ಇಣುಕುವ ಕೆಂಪು ಬಹುಪಾಲು ಅದೇ. ಇವೆರಡನ್ನು ಬಣ್ಣದ ಮೇಲೆ ಬೇರೆ ಮಾಡ್ತೀನಿ ಅಂತ ಹೊರಟವರು ಯಾರೂ ಗೆದ್ದಿಲ್ಲ.

ನಾನು ನೋಡೋದು ಬುಡ. ಸ್ಕೇಬ್ರಿಡಾ ಗಿಡ್ಡ. ಕಡ್ಡಿಗಳು ಮೊದಲು ನೆಲಕ್ಕೆ ಒರಗಿ ಆಮೇಲೆ ತುದಿ ಎತ್ತುತ್ತವೆ, ಬಂಡೆಯ ಸಂದಿ ಅದಕ್ಕೆ ಇಷ್ಟದ ಜಾಗ. ಕ್ರೊಮೋಸಾ ಮರಳು ಮಣ್ಣಿನಲ್ಲಿ, ಪೊದೆಗಳ ಮಗ್ಗುಲಲ್ಲಿ ನೆಟ್ಟಗೆ ನಿಂತಿರುತ್ತೆ. ಪ್ರಸಾದ್, ಗಿಡ ಎಲ್ಲಿ ಹುಟ್ಟಿತ್ತು? ಬಂಡೆ ಬಿರುಕಲ್ಲೋ, ಮಣ್ಣಲ್ಲೋ? ಪಕ್ಕದಲ್ಲಿ ಏನಿತ್ತು?

ಫೀನಿಕ್ಸ್ ಪ್ರಸಾದ
ಮಣ್ಣಲ್ಲಿ. ಒಂದು ಬೂದು ಬಣ್ಣದ ಪೊದೆಯ ಒಳಗಿನಿಂದಲೇ ಎದ್ದ ಹಾಗಿತ್ತು. ಆ ಪೊದೆಯ ಎಲೆ ಸಣ್ಣದು, ತುದಿಯಲ್ಲಿ ಮೂರು ಹಲ್ಲು. ಕೈಗೆ ತಾಗಿದಾಗ ಘಮ್ ಅಂತ ವಾಸನೆ ಬಂತು. ಅಮ್ಮ ಅದನ್ನು ಮೂಸಿ "ಇದು ದವನದ ತರ ಇದೆ" ಅಂದರು.

ಬಯಲು ಬಾಟನಿ
ನಿಮ್ಮ ಅಮ್ಮನಿಗೆ ನಮಸ್ಕಾರ ಹೇಳಿ! ಮೂರು ಹಲ್ಲಿನ ಎಲೆ ಅಂದರೆ ಸೇಜ್‌ಬ್ರಶ್, ಆರ್ಟೆಮಿಸಿಯಾ ಟ್ರೈಡೆಂಟಾಟಾ. ದವನ ಆರ್ಟೆಮಿಸಿಯಾ ಪ್ಯಾಲೆನ್ಸ್. ಒಂದೇ ಕುಲ. ಗಣೇಶನಿಗೆ ಏರಿಸುವ ಮಾಚಿಪತ್ರೆಯೂ ಅದೇ ಕುಲ. ಕನಕಾಂಬರ ಅಂದಿದ್ದು ತಪ್ಪಿದರೂ ಮೂಗು ತಪ್ಪಲಿಲ್ಲ.

ಅದು ಪೊದೆಯ ಒಳಗಿಂದ ಎದ್ದಿದ್ದು ಕಾಕತಾಳೀಯ ಅಲ್ಲ. ಪೇಂಟ್‌ಬ್ರಶ್ ಅರೆ ಪರಾವಲಂಬಿ. ಎಲೆ ಹಸಿರಾಗಿದೆ, ತನ್ನ ಊಟವನ್ನು ತಾನೂ ಮಾಡಿಕೊಳ್ಳುತ್ತೆ. ಆದರೆ ಮಣ್ಣಿನ ಕೆಳಗೆ ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿ, ಹಾಸ್ಟೋರಿಯಂ ಅನ್ನೋ ಸಣ್ಣ ಗಂಟು ಮಾಡಿ, ಅಲ್ಲಿಂದ ನೀರು ಲವಣ ಎಳೆಯುತ್ತೆ. ಮರುಭೂಮಿಯಲ್ಲಿ ಆಳಕ್ಕೆ ಬೇರು ಬಿಟ್ಟಿರುವ ಸೇಜ್‌ಬ್ರಶ್ ಸಿಕ್ಕಿದರೆ ಇನ್ನೇನು ಬೇಕು? ಅದಕ್ಕೇ ಈ ಗಿಡ ಗುರುತಿಸುವಾಗ ಫೋಟೋದಲ್ಲಿ ಅಕ್ಕಪಕ್ಕದ ಗಿಡಗಳೂ ಬರಬೇಕು. ಎಲ್ಲರೂ ಕೆಂಪು ತುದಿಯನ್ನು ಮಾತ್ರ ತೆಗೆದು ಕಳಿಸ್ತಾರೆ. ಅದರಿಂದ ಗೊತ್ತಾಗೋದು ಪೇಂಟ್‌ಬ್ರಶ್ ಅಂತ ಮಾತ್ರ.

ಮಂಡ್ಯದ ಮಗ
ಅಂದರೆ ಬಂದಳಿಕೆ ತರ ಅನ್ನಿ.

ಬಯಲು ಬಾಟನಿ
ಬಂದಳಿಕೆ ಕೊಂಬೆ ಮೇಲೆ ಕೂರುತ್ತೆ, ಇದು ಬೇರಿಗೆ ಕೈ ಹಾಕುತ್ತೆ. ನಮ್ಮೂರಿನ ಹೋಲಿಕೆ ಬೇಕು ಅಂದರೆ ಶ್ರೀಗಂಧ.

ಕೋಲಾರದ ರಾಜಣ್ಣ
ಏನಮ್ಮ ಇದು? ಶ್ರೀಗಂಧಕ್ಕೂ ಈ ಕಾಡು ಹೂವಿಗೂ ಹೋಲಿಕೆನಾ? ಶ್ರೀಗಂಧ ಕದ್ದು ತಿನ್ನುತ್ತೆ ಅಂತೀರಾ?

ಸಿರಾ ರೈತ
ರಾಜಣ್ಣ, ಕೋಪ ಬೇಡ, ಅವರು ಹೇಳಿದ್ದು ನಿಜ. ನಾನು ಗಂಧ ಹಾಕಿದ್ದೀನಿ. ಗಂಧದ ಸಸಿ ನೆಡುವಾಗ ಅದರ ಬುಡಕ್ಕೇ ತೊಗರಿ ಬಿತ್ತಬೇಕು. ತೊಗರಿ ಬೇರಿಗೆ ಗಂಧ ಬೇರು ಕೊಟ್ಟು ಮೊದಲ ಒಂದೆರಡು ವರ್ಷ ಬದುಕುತ್ತೆ. ಆಮೇಲೆ ಮಧ್ಯೆ ಮಧ್ಯೆ ಹೊಂಗೆ, ಸರ್ವೆ, ಹೀಗೆ ದೊಡ್ಡ ಆಸರೆ ಬೇಕು. ಒಬ್ಬರು ಗಂಧ ಒಂದೇ ಸಾಲಾಗಿ ಹಾಕಿದ್ದರು, ಎಲೆ ಹಳದಿ ಬಂದು ಒಂದೊಂದೇ ಒಣಗಿತು. ಕರ್ನಾಟಕ ಅರಣ್ಯ ಕಾಯ್ದೆಗೆ 2001ರ ತಿದ್ದುಪಡಿ ಆದ ಮೇಲೆ ಹೊಲದಲ್ಲಿ ಬೆಳೆದ ಗಂಧ ರೈತನದ್ದೇ ಅಂತ ಆಯ್ತು. ಕಳ್ಳರಿಗೆ ಮಾತ್ರ ಆ ತಿದ್ದುಪಡಿ ಇನ್ನೂ ಗೊತ್ತಾಗಿಲ್ಲ.

ಕೋಲಾರದ ರಾಜಣ್ಣ
ಹಾಗಾ. ಕಳ್ಳರ ವಿಷಯ ಬಿಡು, ಅದಕ್ಕೆ ಬೇರೆ ಚರ್ಚೆನೇ ಬೇಕು. ಈಗ ಬೇಲಿಗೆ ಕರೆಂಟು ಹಾಕ್ತೀರಾ, ನಾಯಿ ಸಾಕ್ತೀರಾ?

ಸಿರಾ ರೈತ
ಸೋಲಾರ್ ಬೇಲಿ, ಎರಡು ನಾಯಿ, ಮತ್ತೆ ನಾನು.

ಧಾರವಾಡ ಪೇಡಾ
ನಮ್ಮ ಜೋಳದ ಹೊಲದಾಗ ಬರುವ ಸ್ಟ್ರೈಗಾನೂ ಇದೇ ತರ ಬೇರು ಹೀರೋದು ಅಲ್ಲೇನು? ನಮ್ಮ ಅಜ್ಜ ಅದನ್ನು ಕಂಡರೆ ಸಿಡಿಮಿಡಿ ಅಂತಿದ್ದರು. ಮೇಲೆ ನೋಡಿದರೆ ಚಂದನೆ ಪುಟ್ಟ ಹೂವು, ಕೆಳಗ ಜೋಳ ಒಣಗತಿರ್ತದ.

ಬಯಲು ಬಾಟನಿ
ಅದೇ ತರ ಅಷ್ಟೇ ಅಲ್ಲ, ಅದೇ ಕುಟುಂಬ. ಸ್ಟ್ರೈಗಾ, ಹೊಗೆಸೊಪ್ಪಿನ ಹೊಲದಲ್ಲಿ ಏಳುವ ಒರೊಬಾಂಕಿ, ಈ ಪೇಂಟ್‌ಬ್ರಶ್, ಮೂರೂ ಒರೊಬಾಂಕೇಸಿ ಕುಟುಂಬದವು. ಹಳೆ ಪುಸ್ತಕಗಳಲ್ಲಿ ಪೇಂಟ್‌ಬ್ರಶ್ ಸ್ಕ್ರೊಫುಲೇರಿಯೇಸಿಯಲ್ಲಿ ಇರುತ್ತೆ, ಡಿಎನ್‌ಎ ನೋಡಿದ ಮೇಲೆ ಜಾಗ ಬದಲಿಸಿದರು. ಗಂಧ ಮಾತ್ರ ಬೇರೆ ವಂಶ. ಹೂ ಬಿಡುವ ಸಸ್ಯಗಳಲ್ಲಿ ಈ ಹೀರುವ ವಿದ್ಯೆ ಸುಮಾರು 12 ಸಲ ಬೇರೆ ಬೇರೆಯಾಗಿ ಹುಟ್ಟಿದೆ.

ವ್ಯತ್ಯಾಸವೂ ದೊಡ್ಡದಿದೆ. ಸ್ಟ್ರೈಗಾ ಬೀಜ ಮೊಳೆಯೋಕೇ ಜೋಳದ ಬೇರಿನ ಸ್ರಾವ ತಾಗಬೇಕು, ಅಲ್ಲಿಯ ತನಕ ವರ್ಷಗಟ್ಟಲೆ ಮಣ್ಣಲ್ಲಿ ಸುಮ್ನೆ ಮಲಗಿರುತ್ತೆ. ಪೇಂಟ್‌ಬ್ರಶ್ ಯಾರ ಅಪ್ಪಣೆಗೂ ಕಾಯಲ್ಲ, ಮೊಳೆತ ಮೇಲೆ ಆಸರೆ ಹುಡುಕುತ್ತೆ. ಸಿಗದಿದ್ದರೆ ಬಡಕಲಾಗಿ ಹೇಗೋ ಇರುತ್ತೆ. ಹೀರಿದರೂ ಸೇಜ್‌ಬ್ರಶ್ ಸಾಯಲ್ಲ.

ಧಾರವಾಡ ಪೇಡಾ
ಅಮೆರಿಕಾದಾಗ ಸ್ಟ್ರೈಗಾ ಇಲ್ಲೇನು ಹಂಗಾದ್ರ?

ಬಯಲು ಬಾಟನಿ
1956ರಲ್ಲಿ ಉತ್ತರ ಮತ್ತು ದಕ್ಷಿಣ ಕರೊಲಿನಾದ ಮೆಕ್ಕೆಜೋಳದ ಹೊಲಗಳಲ್ಲಿ ಸಿಕ್ಕಿತು. ಅಂದಿನಿಂದ ಬೆನ್ನು ಹತ್ತಿ ಬಹುತೇಕ ಅಳಿಸಿ ಹಾಕಿದ್ದಾರೆ. ಮಣ್ಣಿಗೆ ಎಥಿಲೀನ್ ಅನಿಲ ಬಿಟ್ಟು ಬೀಜ ಮೊಳೆಯೋ ಹಾಗೆ ಮಾಡ್ತಾರೆ, ಮೊಳೆತಾಗ ಬೆಳೆ ಇರಲ್ಲ, ಸಾಯುತ್ತೆ. ಒಳ್ಳೆ ಉಪಾಯ.

ಟೆಕ್ಸಾಸ್ ತಾತ
ನಾವು ಆಸ್ಟಿನ್ ಹತ್ತಿರ ಇದ್ದೇವೆ. ಇಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ಹೆದ್ದಾರಿ ಪಕ್ಕ ಪೂರ್ತಿ ನೀಲಿ ಬ್ಲೂಬಾನೆಟ್, ನಡುವೆ ಕೆಂಪು ಪೇಂಟ್‌ಬ್ರಶ್. ಮೊಮ್ಮಕ್ಕಳನ್ನು ಕೂರಿಸಿ ಫೋಟೋ ತೆಗೆಯದ ಮನೆಯೇ ಇಲ್ಲ. ಪ್ರಸಾದ್ ಹಾಕಿದ್ದು ಅದೇ ಹೂವು ಅಲ್ವಾ? ಇಷ್ಟೊಂದು ವಾದ ಯಾಕೆ?

ಸಾಲ್ಟ್ ಲೇಕ್ ಶಿವು
ತಾತ, ಅದು ಕ್ಯಾಸ್ಟಿಲೇಯಾ ಇಂಡಿವೈಸಾ. ವಾರ್ಷಿಕ ಗಿಡ, ಒಂದು ಸಲ ಹೂ ಬಿಟ್ಟು ಬೀಜ ಉದುರಿಸಿ ಹೋಗುತ್ತೆ. ಪ್ರಸಾದ್ ಹಾಕಿದ್ದು ಬಹುವಾರ್ಷಿಕ, ಬುಡ ಗಟ್ಟಿಯಾಗಿ ಪ್ರತಿ ವಸಂತದಲ್ಲಿ ಚಿಗುರುತ್ತೆ. ನಿಮ್ಮದರ ಎಲೆ ಸಾಮಾನ್ಯವಾಗಿ ಸೀಳಿರಲ್ಲ, ಇದರ ಮೇಲಿನ ಎಲೆಗಳಿಗೆ ಮೂರರಿಂದ ಐದು ಸೀಳು.

ಬಯಲು ಬಾಟನಿ
ತಾತ ಹೇಳಿದ ಬ್ಲೂಬಾನೆಟ್ ಸುದ್ದಿಯಲ್ಲಿ ಒಂದು ಸ್ವಾರಸ್ಯ ಇದೆ. ಬ್ಲೂಬಾನೆಟ್ ಲೂಪಿನ್ ಕುಲದ್ದು. ಲೂಪಿನ್‌ಗಳಲ್ಲಿ ಕಹಿ ಆಲ್ಕಲಾಯ್ಡ್ ಇರುತ್ತೆ. ಪೇಂಟ್‌ಬ್ರಶ್ ಅದರ ಬೇರು ಹಿಡಿದರೆ ನೀರಿನ ಜೊತೆ ಆ ಕಹಿಯೂ ಬರುತ್ತೆ, ಆಮೇಲೆ ಹುಳಗಳು ಪೇಂಟ್‌ಬ್ರಶ್ ಎಲೆಯನ್ನು ಕಡಿಮೆ ತಿನ್ನುತ್ತವೆ. ಟೆಕ್ಸಾಸ್ ಪೇಂಟ್‌ಬ್ರಶ್ ಮೇಲೆ ಪ್ರಯೋಗ ಮಾಡಿ, 2000ದಲ್ಲಿ ಪ್ರಕಟಿಸಿದ್ದಾರೆ. ಕಹಿ ಲೂಪಿನ್ ಪಕ್ಕ ಬೆಳೆದದ್ದಕ್ಕೆ ಬೀಜವೂ ಜಾಸ್ತಿ. ಎಲೆ ಕಡಿಸಿಕೊಳ್ಳದ ಗಿಡಕ್ಕೆ ಪರಾಗ ತರುವವರೂ ಹೆಚ್ಚು ಬಂದಿದ್ದರು.

ಟೆಕ್ಸಾಸ್ ತಾತ
ಇದು ಗೊತ್ತಿರಲಿಲ್ಲ. ನಾಳೆ ವಾಕಿಂಗ್ ಗೆಳೆಯರಿಗೆ ಹೇಳಬೇಕು.

ಸುಮ್ನೆ ಓದುವವ
ವ್ಯೋಮಿಂಗ್ ವಿಷಯ ಬಂತಲ್ಲ, ಒಂದು ತಮಾಷೆ. 1917ರಲ್ಲಿ ಪೇಂಟ್‌ಬ್ರಶ್‌ಅನ್ನು ರಾಜ್ಯದ ಹೂವು ಮಾಡಲು ಹೊರಟಾಗ ವಿರೋಧಿಸಿದವರಲ್ಲಿ ಅಲ್ಲಿಯ ದೊಡ್ಡ ಸಸ್ಯಶಾಸ್ತ್ರಜ್ಞ ಏವನ್ ನೆಲ್ಸನ್ ಒಬ್ಬರು. ಇದರಲ್ಲಿ ಬಗೆ ತುಂಬಾ ಇವೆ, ಬೇರೆ ಬೇರೆ ಅಂತ ಗುರುತಿಸೋಕೆ ತಜ್ಞರೇ ಬೇಕು, ರಾಜ್ಯದ ಎಲ್ಲ ಕಡೆ ಸಿಗೋದೂ ಇಲ್ಲ ಅಂತ ಅವರ ವಾದ. ಆದರೂ ಪಾಸಾಯ್ತು.

ಬಯಲು ಬಾಟನಿ
ಇನ್ನೂ ತಮಾಷೆ ಅಂದರೆ, ಪ್ರಸಾದ್ ಹಾಕಿರುವ ಕ್ರೊಮೋಸಾಗೆ 1899ರಲ್ಲಿ ಆ ಹೆಸರು ಕೊಟ್ಟವರೇ ನೆಲ್ಸನ್. ಕಷ್ಟ ಅನುಭವಿಸಿಯೇ ಮಾತಾಡಿದ್ದಾರೆ.

ಡೆನ್ವರ್ ದೊಡ್ಡಪ್ಪ
ನೆಲ್ಸನ್ ಅವರೇ ಕಷ್ಟ ಅಂದಿದ್ದಾರೆ, ನೀವು ನಾಲ್ಕು ಫೋಟೋ ನೋಡಿ ಹೇಳ್ತೀರಿ. ನೋಡಿ, ನಾನು ಸುಮ್ನೆ ಹಟ ಮಾಡ್ತಿಲ್ಲ. ಈ ಕುಲದಲ್ಲಿ ಒಂದಕ್ಕೊಂದು ಬೆರಕೆ ಆಗುತ್ತೆ ಅಂತ ಎಲ್ಲ ಕಡೆ ಬರೆದಿದೆ. ಫೋಟೋದಲ್ಲಿರೋದು ಬೆರಕೆ ಅಲ್ಲ ಅಂತ ಹೇಗೆ ಹೇಳ್ತೀರಿ?

ಬಯಲು ಬಾಟನಿ
ಬೆರಕೆ ಆಗುತ್ತೆ, ಕ್ರೋಮೋಸೋಮ್ ಸಂಖ್ಯೆ ದುಪ್ಪಟ್ಟಾಗೋದೂ ಇದೆ. ಹಾಗಂತ ಎಲ್ಲ ಗಿಡವೂ ಬೆರಕೆ ಅಲ್ಲ. ಎರಡು ಪ್ರಭೇದ ಒಂದೇ ಸಮಯಕ್ಕೆ ಒಂದೇ ಜಾಗದಲ್ಲಿ ಹೂ ಬಿಟ್ಟಿರಬೇಕು, ಗುರುತುಗಳು ನಡುವೆ ಎಲ್ಲೋ ಬೀಳಬೇಕು. ಇಲ್ಲಿ ಎಲೆ, ಸೀಳು, ರೋಮ, ಕಾಲ, ಮಣ್ಣು, ಪಕ್ಕದ ಗಿಡ ಎಲ್ಲ ಒಂದೇ ಕಡೆ ಬೆರಳು ತೋರಿಸ್ತಿವೆ. ಲಿನಾರೀಫೋಲಿಯಾ ಆ ಹೊತ್ತಿಗೆ ಎಲೆ ಮಾತ್ರ ಬಿಟ್ಟಿರುತ್ತೆ.

ಡೆನ್ವರ್ ದೊಡ್ಡಪ್ಪ
ಸರಿ. ಸ್ಕೇಬ್ರಿಡಾ ಜೊತೆಗಿನ ಬೆರಕೆ ಅಲ್ಲ ಅಂತ?

ಸಾಲ್ಟ್ ಲೇಕ್ ಶಿವು
ದೊಡ್ಡಪ್ಪ, ನೆಟ್ಟಗಿದೆ, ಮಣ್ಣಲ್ಲಿದೆ. ಬಿಡಿ.

ಮೈಸೂರು ಮಲ್ಲಿಗೆ
ನನಗೊಂದು ಪ್ರಶ್ನೆ. ಎಲೆಗೆ ಯಾಕೆ ಬಣ್ಣ? ಹೂವಿಗೇ ಬಣ್ಣ ಕೊಟ್ಟಿದ್ದರೆ ಆಗ್ತಿರಲಿಲ್ವಾ?

ಸ್ಯಾನ್ ಡಿಯೇಗೊ ಸವಿತಾ
ಯಾಕೆ ಅಂತ ಗಿಡಕ್ಕೇ ಗೊತ್ತು. ಯಾರಿಗೆ ಅಂತ ಮಾತ್ರ ಹೇಳಬಲ್ಲೆ: ಹಮ್ಮಿಂಗ್ ಬರ್ಡ್‌ಗೆ. ಕೆಂಪು ಜೇನ್ನೊಣಕ್ಕೆ ಸರಿಯಾಗಿ ಕಾಣಲ್ಲ, ಹಕ್ಕಿಗೆ ದೂರದಿಂದಲೇ ಕಾಣುತ್ತೆ. ವಾಸನೆ ಇಲ್ಲದಿರೋದೂ ಅದಕ್ಕೇ, ಹಕ್ಕಿ ಹೂವನ್ನು ಹುಡುಕೋದು ಕಣ್ಣಿನಿಂದ. ಕೊಳವೆ ಸಪೂರ, ಮಕರಂದ ತಳದಲ್ಲಿ. ಕೂರೋಕೆ ಜಾಗ ಇಲ್ಲ, ಗಾಳಿಯಲ್ಲೇ ನಿಂತು ಕುಡೀಬೇಕು. ಕುಡಿಯುವಾಗ ಪರಾಗ ಹಣೆಗೆ ಮೆತ್ತಿಕೊಳ್ಳುತ್ತೆ. ಏಪ್ರಿಲ್‌ನಲ್ಲಿ ಹಕ್ಕಿಗಳು ಮೆಕ್ಸಿಕೊದಿಂದ ಉತ್ತರಕ್ಕೆ ಬರ್ತಿರುತ್ತವೆ, ಆ ಹೊತ್ತಿಗೆ ಮರುಭೂಮಿಯಲ್ಲಿ ಇದು ಸಿದ್ಧವಾಗಿರುತ್ತೆ.

ಮೈಸೂರು ಮಲ್ಲಿಗೆ
ನಮ್ಮ ಸೂರಕ್ಕಿ ತರ!

ಕಾಡುಪಾಪ
ಕೆಲಸ ಅದೇ, ಸಂಬಂಧ ಇಲ್ಲ. ಸೂರಕ್ಕಿ ಹೆಚ್ಚಾಗಿ ಕೊಂಬೆ ಮೇಲೆ ಕೂತು ಕುಡಿಯುತ್ತೆ. ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮಲ್ಲಿ ಸೂರಕ್ಕಿ ಫೋಟೋ ಹಾಕಿ "ಹಮ್ಮಿಂಗ್ ಬರ್ಡ್ ಕಂಡೆ" ಅಂತ ಬರೆಯುವವರು ದಿನಾ ಒಬ್ಬರು ಸಿಗ್ತಾರೆ.

ಬೆಂಗಳೂರು ಬಾಲ್ಕನಿ
ಎಲ್ಲ ಓದಿದೆ, ತುಂಬಾ ಚೆನ್ನಾಗಿದೆ. ಪ್ರಸಾದ್, ಮುಂದಿನ ಸಲ ಹೋದಾಗ ಸ್ವಲ್ಪ ಬೀಜ ತರ್ತೀರಾ? ನನ್ನ ಬಾಲ್ಕನಿಯಲ್ಲಿ ಬಿಸಿಲು ಚೆನ್ನಾಗಿದೆ. ಕುಂಡದಲ್ಲಿ ಹಾಕ್ತೀನಿ.

ಕಾಡುಪಾಪ
ದಯವಿಟ್ಟು ಬೇಡ. ನ್ಯಾಷನಲ್ ಪಾರ್ಕ್ ಒಳಗೆ ಹೂವು, ಬೀಜ, ಕಲ್ಲು, ಏನನ್ನೂ ಎತ್ತುವ ಹಾಗಿಲ್ಲ. ದಂಡ ಬೀಳುತ್ತೆ. ಭಾರತಕ್ಕೆ ಬೀಜ ತರಬೇಕಾದರೆ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ, ಅಲ್ಲಿಯ ಸಸ್ಯ ಆರೋಗ್ಯ ಪತ್ರ ಎಲ್ಲ ಬೇಕು. ಸೂಟ್‌ಕೇಸಿನ ಮೂಲೆಯಲ್ಲಿ ಸಿಕ್ಕಿಸಿಕೊಂಡು ಬರೋ ವಸ್ತು ಅಲ್ಲ. ಗೋಧಿ ಜೊತೆ ಬಂದ ಕಾಂಗ್ರೆಸ್ ಗಿಡದ ಕಥೆ ಗೊತ್ತಲ್ಲ? ಪೇಂಟ್‌ಬ್ರಶ್ ಅಂತೂ ಸಾಲದ್ದಕ್ಕೆ ಪರಾವಲಂಬಿ.

ಬೆಂಗಳೂರು ಬಾಲ್ಕನಿ
ಒಂದು ಕುಂಡದ ಹೂವಿಗೆ ಇಷ್ಟೊಂದು ಭಾಷಣನಾ? ಬೋಗನ್‌ವಿಲ್ಲಾ ಹೊರಗಿಂದ ಬಂದಿದ್ದಲ್ವಾ? ಲಂಟಾನಾ?

ಕಾಡುಪಾಪ
ಲಂಟಾನಾ ಹೆಸರು ನೀವೇ ಎತ್ತಿದಿರಿ. ಬಂಡೀಪುರಕ್ಕೆ ಒಂದು ಸಲ ಹೋಗಿ ಬನ್ನಿ, ಆಮೇಲೆ ಮಾತಾಡೋಣ.

ಬಯಲು ಬಾಟನಿ
ಜಗಳವೇ ಬೇಡ, ಬೆಂಗಳೂರಲ್ಲಿ ಅದು ಬರಲ್ಲ. ಬೀಜ ಮೊಳೆಯೋಕೆ ತೇವದ ಜೊತೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಫ್ರಿಜ್ಜಿನಲ್ಲಿ ಒದ್ದೆ ಮರಳಿನ ಜೊತೆ ಇಟ್ಟು ಮೊಳೆಸಬಹುದು. ಆಮೇಲೆ ಆಸರೆ ಗಿಡ ಬೇಕು. ಬೇಸಿಗೆಯ ಮಳೆಗೆ ಬುಡ ಕೊಳೆಯುತ್ತೆ. ಕುಂಡದಲ್ಲಿ ಕೆಂಪು ಬೇಕು ಅಂದರೆ ಮುಸ್ಸಾಂಡ ಹಾಕಿ. ಅದರಲ್ಲೂ ಬಣ್ಣ ಇರೋದು ದಳಕ್ಕಲ್ಲ, ಹಿಗ್ಗಿದ ಪುಷ್ಪಪತ್ರಕ್ಕೆ, ಅಂದರೆ ಪುಷ್ಪಪಾತ್ರೆಯ ಒಂದು ಎಸಳಿಗೆ.

ಸಾಲ್ಟ್ ಲೇಕ್ ಶಿವು
ಇಲ್ಲಿಯೇ ಬೆಳೆಸೋದು ಕಷ್ಟ. ಒಂದು ಅಂಗಡಿಯಿಂದ "ಕಾಡು ಹೂವಿನ ಬೀಜ" ಅಂತ ಪೊಟ್ಟಣ ತಂದು ಹಿತ್ತಲಲ್ಲಿ ಚೆಲ್ಲಿದ್ದೆ. ಪೊಟ್ಟಣದ ಮೇಲೆ ದೊಡ್ಡ ಪೇಂಟ್‌ಬ್ರಶ್ ಚಿತ್ರ, ಬಂದಿದ್ದೆಲ್ಲ ಬೇರೆ ಹೂವು. ಆಮೇಲೆ ಇಲ್ಲಿಯ ಗಿಡಗಳನ್ನೇ ಮಾರುವ ನರ್ಸರಿಯವರು ಸರಿಯಾದ ದಾರಿ ಹೇಳಿಕೊಟ್ಟರು: ಬ್ಲೂ ಗ್ರಾಮಾ ಹುಲ್ಲನ್ನು ಮೊದಲು ಕುಂಡದಲ್ಲಿ ಬೆಳೆಸಿ, ಅದರ ಬೇರಿನ ಮಧ್ಯೆ ಪೇಂಟ್‌ಬ್ರಶ್ ಸಸಿ ಇಟ್ಟು, ಎರಡನ್ನೂ ಒಟ್ಟಿಗೆ ನೆಲಕ್ಕೆ ಇಳಿಸಬೇಕು. ಕಾಡಿಂದ ಕಿತ್ತು ತಂದು ನೆಟ್ಟರೆ ಬದುಕಲ್ಲ, ಬೇರಿನ ಹಿಡಿತ ಕಿತ್ತುಹೋಗಿರುತ್ತೆ. ಹಾಗೆ ಕಿತ್ತು ಕೊಂದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಉಡುಪಿ ಮಾಮಿ
ತಿನ್ನಲು ಬರುತ್ತಾ?

ಮಂಡ್ಯದ ಮಗ
ಮಾಮಿ 😂😂

ಬಯಲು ಬಾಟನಿ
ಬೇಡ ಮಾಮಿ. ಪೇಂಟ್‌ಬ್ರಶ್ ಮಣ್ಣಿನಿಂದ ಸೆಲೇನಿಯಂ ಎಳೆದು ತನ್ನಲ್ಲಿ ಸೇರಿಸಿಕೊಳ್ಳುತ್ತೆ, ಆ ಕಡೆಯ ಕೆಲವು ಮಣ್ಣಿನಲ್ಲಿ ಸೆಲೇನಿಯಂ ಜಾಸ್ತಿ. ಜಾಸ್ತಿಯಾದರೆ ವಿಷ. ಪಕ್ಕದ ಗಿಡದ ವಿಷವೂ ಸೇರಿರಬಹುದು ಅಂತ ಮೇಲೆ ಹೇಳಿದೆನಲ್ಲ. ಪೂಂಬೆಯೇ ವಾಸಿ.

ಸಾಲ್ಟ್ ಲೇಕ್ ಶಿವು
ಪ್ರಸಾದ್, ಒಂದು ಮಾತು ಕೇಳಲೇಬೇಕು. ಫೋಟೋ ತೆಗೆಯೋಕೆ ದಾರಿ ಬಿಟ್ಟು ಒಳಗೆ ಇಳಿದಿರಾ? ಎರಡನೇ ಫೋಟೋದಲ್ಲಿ ಗಿಡದ ಹಿಂದೆ ನೆಲ ಕಪ್ಪಗೆ, ಉಬ್ಬು ಉಬ್ಬಾಗಿ ಕಾಣ್ತಿದೆ. ಅದು ಕೊಳೆ ಅಲ್ಲ, ಜೀವ ಇರೋ ಮಣ್ಣು. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಎಲ್ಲ ಸೇರಿ ಮರಳನ್ನು ಹೊಲಿದು ಹಿಡಿದಿರುತ್ತವೆ. ಒಂದು ಬೂಟು ಬಿದ್ದರೆ ಪುಡಿ, ಮತ್ತೆ ಮೊದಲಿನಂತಾಗೋಕೆ ದಶಕಗಳು ಬೇಕು. ಹೂವಿನ ಸೀಸನ್‌ನಲ್ಲಿ ಆಗುವ ಹಾನಿಯಲ್ಲಿ ಅರ್ಧ ಫೋಟೋದವರದ್ದೇ.

ಫೀನಿಕ್ಸ್ ಪ್ರಸಾದ
ಇಲ್ಲ ಸರ್, ಗಿಡ ದಾರಿಯ ಅಂಚಲ್ಲೇ ಇತ್ತು. ಬಂಡೆ ಮೇಲೆ ಕೂತು ಜೂಮ್ ಮಾಡಿದ್ದು. ಬಾಗಿಲಲ್ಲೇ ಆ ಮಣ್ಣಿನ ಬಗ್ಗೆ ಬೋರ್ಡ್ ಇದೆ. ಅಪ್ಪ ಅದನ್ನು ಓದಿ ಎಲ್ಲರಿಗೂ ಕಾವಲು ಕಾಯ್ತಿದ್ದರು, ಪಕ್ಕದ ಟೂರಿಸ್ಟ್‌ಗಳಿಗೂ ಕನ್ನಡದಲ್ಲೇ ಗದರಿದರು.

ಸಾಲ್ಟ್ ಲೇಕ್ ಶಿವು
ಅಪ್ಪನಿಗೆ ಪಾರ್ಕ್‌ನಲ್ಲಿ ಕೆಲಸ ಕೊಡಿಸೋಣ 👍

ಸುಮ್ನೆ ಓದುವವ
ಆಪ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಎರಡು ಫೋಟೋಗೆ ಎರಡು ಹೆಸರು ಯಾಕೆ ಬಂತು?

ಬಯಲು ಬಾಟನಿ
ಆಪ್ ನೋಡೋದು ಬಣ್ಣ, ಆಕಾರ, ಜಾಗ. ಪೇಂಟ್‌ಬ್ರಶ್‌ನಲ್ಲಿ ಬಣ್ಣ ನಂಬೋ ಹಾಗಿಲ್ಲ, ಒಂದೇ ಪ್ರಭೇದ ಕೆಂಪು, ಕಿತ್ತಳೆ, ಅಪರೂಪಕ್ಕೆ ಹಳದಿಯಲ್ಲೂ ಇರುತ್ತೆ. ಸೀಳು ಮೇಲಿಂದ ತೆಗೆದ ಫೋಟೋದಲ್ಲಿ ಕಾಣಲ್ಲ. ಪಕ್ಕದಿಂದ ಒಂದು ಹೂವು, ನಡುವಿನ ಎಲೆ, ಬುಡ, ಪಕ್ಕದ ಪೊದೆ, ಇಷ್ಟು ಕೊಟ್ಟರೆ, ಗಿಡ ಪ್ರಾಣಿಗಳ ಫೋಟೋ ಹಾಕಿ ಗುರುತು ಕೇಳುವ ತಾಣ ಐನ್ಯಾಚುರಲಿಸ್ಟ್‌ನಲ್ಲಿ ಮನುಷ್ಯರೇ ನೋಡಿ ಹೇಳ್ತಾರೆ. ಪ್ರಸಾದ್, ಅಲ್ಲಿ ಹಾಕಿಬಿಡಿ.

ಫೀನಿಕ್ಸ್ ಪ್ರಸಾದ
ಹಾಕಿದೆ ಮೇಡಂ. ಆಗಲೇ ಒಬ್ಬರು ಬಂದು "ಕ್ಯಾಸ್ಟಿಲೇಯಾ ಅಂಗಸ್ಟಿಫೋಲಿಯಾ, ಡೂಬಿಯಾ ಬಗೆ" ಅಂತ ಬರೆದಿದ್ದಾರೆ. ಈಗ ಇದು ಯಾವುದು?!

ಡೆನ್ವರ್ ದೊಡ್ಡಪ್ಪ
ಹಹ್ಹಾ, ನೋಡಿದಿರಾ!

ಬಯಲು ಬಾಟನಿ
ಅದೇ ಗಿಡ, ಎರಡು ಲೆಕ್ಕ. ಕೆಲವರು ಕ್ರೊಮೋಸಾವನ್ನು ಸ್ವತಂತ್ರ ಪ್ರಭೇದ ಅಂತ ಹಿಡಿಯುತ್ತಾರೆ, ಕೆಲವರು ಅಂಗಸ್ಟಿಫೋಲಿಯಾದ ಒಳಗಿನ ಒಂದು ಬಗೆ ಅಂತ. ಎರಡರಲ್ಲಿ ಯಾವುದು ಬರೆದರೂ ಅದೇ ಮರುಭೂಮಿಯ ಪೇಂಟ್‌ಬ್ರಶ್. ನಾನು ಕ್ರೊಮೋಸಾ ಅಂತಲೇ ಬರೀತೀನಿ. ದೊಡ್ಡಪ್ಪ, ಇಲ್ಲೂ ಲಿನಾರೀಫೋಲಿಯಾ ಬರಲಿಲ್ಲ, ಗಮನಿಸಿ.

ಡೆನ್ವರ್ ದೊಡ್ಡಪ್ಪ
ಜುಲೈನಲ್ಲಿ ನಮ್ಮ ಕಡೆ ಬನ್ನಿ, ಬೇಕಾದಷ್ಟು ಲಿನಾರೀಫೋಲಿಯಾ ತೋರಿಸ್ತೀನಿ.

ಸಾಲ್ಟ್ ಲೇಕ್ ಶಿವು
ಜುಲೈನಲ್ಲಿ ಬರೋದಾದರೆ ಆರ್ಚಸ್ ಹತ್ತಿರದ ಊರು ಮೊಆಬ್ ಪಕ್ಕದ ಲಾ ಸಾಲ್ ಬೆಟ್ಟಕ್ಕೂ ಹತ್ತಿ. ಕೆಳಗೆ ಮರುಭೂಮಿ ಸುಡ್ತಿದ್ದರೂ ಮೇಲೆ ತೊರೆ ಪಕ್ಕ ಮಿನಿಯೇಟಾ ಅನ್ನೋ ದೊಡ್ಡ ಕೆಂಪು ಪೇಂಟ್‌ಬ್ರಶ್ ಇರುತ್ತೆ. ಎಲೆಗೆ ಸೀಳೇ ಇಲ್ಲ, ಅಗಲ, ಒದ್ದೆ ನೆಲ ಬೇಕು. ಅದನ್ನು ಮಾತ್ರ ಯಾರೂ ಕ್ರೊಮೋಸಾ ಅನ್ನಲ್ಲ.

ಫೀನಿಕ್ಸ್ ಪ್ರಸಾದ
ಅಪ್ಪ ಅಮ್ಮ ಜೂನ್‌ನಲ್ಲಿ ಊರಿಗೆ ವಾಪಸ್. ನಾನೊಬ್ಬನೇ ಬರ್ತೀನಿ. ಶಿವು ಸರ್, ಆ ಬೆಟ್ಟಕ್ಕೆ ಸಾಮಾನ್ಯ ಕಾರು ಹೋಗುತ್ತಾ, ಫೋರ್ ವೀಲ್ ಡ್ರೈವ್ ಬೇಕಾ?

ಸಾಲ್ಟ್ ಲೇಕ್ ಶಿವು
ಲೂಪ್ ರೋಡ್‌ಗೆ ಡಾಂಬರು ಇದೆ, ಸಾಮಾನ್ಯ ಕಾರು ಸಾಕು. ಒಳದಾರಿಗಳಿಗೆ ಮಾತ್ರ ಆ ಕಾರು ಇಳಿಸಬೇಡಿ. ಪೆಟ್ರೋಲ್ ಮೊಆಬ್‌ನಲ್ಲೇ ತುಂಬಿಸಿಕೊಳ್ಳಿ.